ದಾನಿತ್ಸಾ ಹಡಗು ಊರಿಗೆ ಮರಳಿದ ಮೇಲೆ

ಕ್ರಾಲ್ಯೆವಿತ್ಸಾ,
೧೪ ಫೆಬ್ರವರಿ ೨೦೧೬

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಚಳಿಗೆ ಮಂಡಿ ನೋವು ಹೆಚ್ಚಾಗಿಲ್ಲ ತಾನೆ? ಇಲ್ಲಿ ಬೂರಾ ಗಾಳಿ ಒಂದು ವಾರದಿಂದ ಒಂದೇ ಸಮನೆ ಬೀಸುತ್ತಿದೆ. ಕೊಲ್ಲಿಯ ನೀರು ಹೊಗೆಯಂತೆ ಎದ್ದು ಬಂದು ಕಿಟಕಿಗೆಲ್ಲ ಉಪ್ಪು ಮೆತ್ತಿಕೊಂಡಿದೆ. ನೀನಿರುವ ತಿವಾತ್ ಕಡೆ ಇಷ್ಟು ಇರುವುದಿಲ್ಲವಂತೆ, ಅದೊಂದು ಸಮಾಧಾನ. ಕಿವಿ ಹೇಗಿದೆ? ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದವನಿಗೆ ಕೊನೆಗೆ ಕೇಳಿಸುವುದು ಹೆಂಡತಿಯ ಬೈಗುಳ ಮಾತ್ರ ಎಂದು ನೀನೇ ನಗುತ್ತಿದ್ದೆ. ನಿನ್ನ ವಿಳಾಸ ಕೊಟ್ಟವಳು ಐರಿಸ್ ಎಂಬ ಹುಡುಗಿ. ರಿಯೇಕಾದ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಾಳೆ. ಹಳೆಯ ನಾವಿಕರನ್ನು ಒಬ್ಬೊಬ್ಬರಾಗಿ ಹುಡುಕುತ್ತಾ ನಿನ್ನವರೆಗೆ ಬಂದಿದ್ದಾಳೆ. ಫೋನ್ ನಂಬರನ್ನೂ ಕೊಟ್ಟಳು. ನಂಬರು ಒತ್ತಿ, ಆ ಕಡೆ ಗಂಟೆ ಬಾರಿಸುವ ಮೊದಲೇ ಇಟ್ಟುಬಿಟ್ಟೆ. ಇಷ್ಟು ವರ್ಷದ ಮೇಲೆ ನನ್ನ ದನಿ ಕೇಳಿ ನೀನು "ಯಾರು?" ಎಂದುಬಿಟ್ಟರೆ ಎಂದು ಹೆದರಿಕೆಯಾಯಿತು.

ಸುತ್ತಿ ಬಳಸಿ ಹೇಳಲಾರೆ. ಅಮ್ಮ ಹೋಗಿಬಿಟ್ಟಳು ಅಪ್ಪಾ. ಜನವರಿಯಲ್ಲಿ, ಮೂರು ರಾಜರ ಹಬ್ಬ ಕಳೆದ ಮೇಲೆ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಹೆಚ್ಚು ನರಳಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಕೂಡ ಪಾಲಕ್ಕಿನಂಥ ಬ್ಲಿತ್ವಾ ಸೊಪ್ಪಿಗೆ ಆಲೂಗಡ್ಡೆ ಹಾಕಿ ಬೇಯಿಸಿದ್ದನ್ನು ಎರಡು ಚಮಚ ತಿಂದು, "ಎಣ್ಣೆ ಕಡಿಮೆ ಹಾಕಿದ್ದೀಯ, ನಿನ್ನ ಕೈ ಯಾವಾಗಲೂ ಬಿಗಿ" ಎಂದು ನನ್ನನ್ನು ಬೈದಳು. ಮಗನ ಪಕ್ಕದಲ್ಲೇ, ಸಾಂದ್ರೊನ ಗೋರಿಯಲ್ಲೇ ಮಲಗಿಸಿದ್ದೇವೆ. ನಿನಗೆ ಆಗಲೇ ತಿಳಿಸಬೇಕಿತ್ತು, ವಿಳಾಸ ಸಿಕ್ಕಿದ್ದು ಈ ವಾರ.

ಐರಿಸ್ ನಮ್ಮ ಮನೆಗೆ ಮೊದಲು ಬಂದದ್ದು ಹೋದ ಬೇಸಗೆಯಲ್ಲಿ. ರಿಯೇಕಾ ನಗರದವರು ನಿನ್ನ ಹಡಗು ದಾನಿತ್ಸಾವನ್ನು ದುರಸ್ತಿ ಮಾಡಿಸಿ ಜನ ನೋಡುವ ಹಾಗೆ ಇಡುತ್ತಾರಂತೆ, ಅದರ ಕಥೆ ಬೇಕು ಎಂದಳು. ಅಮ್ಮ ಬಾಲ್ಕನಿಯಲ್ಲಿ ಅವಳಿಗೆ ಕುರ್ಚಿ ಹಾಕಿಸಿ, ಕಾಫಿ ಕೊಡಿಸಿ, ಕೆಳಗೆ ಹಡಗುಕಟ್ಟೆಯ ಗೋಡೆಗೆ ಒರಗಿ ನಿಂತಿದ್ದ ಹಡಗನ್ನು ತೋರಿಸುತ್ತಾ ಹೇಳತೊಡಗಿದಳು. ನಿನಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇಲ್ಲ. ಆದರೆ ಅಮ್ಮ ಹೇಗೆ ಹೇಳಿದಳೆಂಬುದು ನಿನಗೆ ಗೊತ್ತಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇಟಲಿಯ ತ್ರಿಯೆಸ್ತೆಯ ಹಡಗು ಸಾಹುಕಾರನೊಬ್ಬ ಹೊಸ ಹೆಂಡತಿಗೆಂದು ಅದನ್ನು ಕಟ್ಟಿಸಿದ್ದನಂತೆ. ಆ ಹೆಂಗಸಿಗೆ ಸಮುದ್ರ ಕಂಡರೆ ವಾಂತಿ. ಹೀಗಾಗಿ ಹಡಗು ಬಂದರಿನಲ್ಲೇ ಮದುವಣಗಿತ್ತಿಯ ಹಾಗೆ ಕೂತಿತ್ತು. ಯುದ್ಧ ಬಂದಾಗ ಜರ್ಮನರು ಅದರ ಬಿಳಿ ಮೈಗೆ ಬೂದಿ ಬಣ್ಣ ಬಳಿದು, ಸಮುದ್ರದಲ್ಲಿ ಸಿಡಿಗುಂಡು ಹಾಸುವ ಕೆಲಸಕ್ಕೆ ಹಚ್ಚಿದರು. ಕೊನೆಗೆ ವಿಮಾನದ ಬಾಂಬು ಬಿದ್ದು ನಮ್ಮ ಬಕಾರ್ ಕೊಲ್ಲಿಯಲ್ಲೇ ಮುಳುಗಿತು. ಯುದ್ಧ ಮುಗಿದ ಮೇಲೆ ನಮ್ಮ ಹಡಗುಕಟ್ಟೆಯವರು ಅದನ್ನು ಕೆಸರಿನಿಂದ ಮೇಲೆತ್ತಿ, ಮತ್ತೆ ಬಿಳಿ ಬಳಿದು, ದಾನಿತ್ಸಾ ಎಂದು ಬೆಳ್ಳಿಚುಕ್ಕಿಯ ಹೆಸರಿಟ್ಟು, ಆಗ ಒಂದೇ ಆಗಿದ್ದ ದೇಶದ ಅಧ್ಯಕ್ಷರಿಗೆ ಒಪ್ಪಿಸಿದರು. ಇಷ್ಟನ್ನೂ ಅಮ್ಮ ಗಡಿಬಿಡಿಯಲ್ಲಿ ಮುಗಿಸಿದಳು. ಅವಳ ಮಟ್ಟಿಗೆ ಹಡಗಿನ ಚರಿತ್ರೆ ಶುರುವಾಗುವುದು ಅವಳು ಹಡಗಿನ ಹಾಸಿಗೆಬಟ್ಟೆ ಹೊಲಿಯುವ ಕೋಣೆಗೆ ಕೆಲಸಕ್ಕೆ ಸೇರಿದ ಮೇಲೆ. ಹಡಗಿಗೆ ಬಂದ ಯಾವ ನಾಯಕನ ಬಗ್ಗೆ ಕೇಳಿದರೂ ಅವಳು ಹಾಸಿಗೆಯ ಕಡೆಯಿಂದಲೇ ಹೇಳುತ್ತಿದ್ದಳು. ಒಬ್ಬ ರಾಜನ ಕಾಲು ಮಂಚದಾಚೆ ಬರುತ್ತಿತ್ತು, ಅವನಿಗೆ ಎರಡು ಹೊದಿಕೆ ಸೇರಿಸಿ ಹೊಲಿದದ್ದು. ಒಬ್ಬ ಪ್ರಧಾನಿ ಸುರುಟಿನಿಂದ ಮೇಜುಬಟ್ಟೆಗೆ ತೂತು ಮಾಡಿ, ಯಾರಿಗೂ ಕಾಣದಂತೆ ಮೇಲೆ ತಟ್ಟೆ ಇಟ್ಟದ್ದು. ಆಫ್ರಿಕಾದ ಆಗತಾನೆ ಸ್ವತಂತ್ರವಾದ ದೇಶದ ಅಧ್ಯಕ್ಷನೊಬ್ಬ ಅತಿಥಿ ಕೋಣೆಯ ಹಾಸಿಗೆಯನ್ನು ಮುಟ್ಟದೆ ಅಡುಗೆಕೋಣೆಗೆ ಬಂದು ನಿಮ್ಮೊಡನೆ ಕಾಫಿ ಕುಡಿಯುತ್ತಾ ಕೂತದ್ದು. "ನಮ್ಮೋರು ಕೇಳಿದ್ರಂತೆ, ನಿದ್ದೆ ಬರ್ಲಿಲ್ವಾ ಸ್ವಾಮಿ ಅಂತ. ಮಲಗಿ ಎದ್ರೆ ಇದೆಲ್ಲಾ ಸುಳ್ಳಾಗಿರುತ್ತೇನೋ ಅಂತ ಭಯ ಅಂದ್ರಂತೆ" ಎಂದು ಹೇಳಿ ಅಮ್ಮ ನಕ್ಕಳು. ನಿನ್ನನ್ನು ಅವಳು ಹೊರಗಿನವರ ಮುಂದೆ ಕೊನೆಯವರೆಗೂ "ನಮ್ಮೋರು" ಎಂದೇ ಕರೆಯುತ್ತಿದ್ದಳು. ಐರಿಸ್ ಮುಖ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ನಾನು ಒಳಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತೆ.

ಮುದುಕ ಅಧ್ಯಕ್ಷರು ತೀರಿಕೊಂಡ ಮೇಲೆ ವರ್ಷಕ್ಕೊಬ್ಬ ಅಧ್ಯಕ್ಷನಾದ ಕಾಲವನ್ನೂ ಹೇಳಿದಳು. ಒಬ್ಬನ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಇನ್ನೊಬ್ಬ ಬರುತ್ತಿದ್ದ. ಡೆಕ್ಕಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಊಟಕ್ಕೂ ನಿಲ್ಲದೆ ಇಳಿದು ಹೋಗುತ್ತಿದ್ದರು. ದಿಂಬಿನ ಚೀಲದ ಮೇಲೆ ಹೆಸರಿನ ಅಕ್ಷರ ಕಸೂತಿ ಹಾಕುವುದನ್ನು ಆಗಲೇ ನಿಲ್ಲಿಸಿದರಂತೆ. "ಅಕ್ಷರ ಬೇಡ, ಖಾಲಿ ಬಿಡಿ ಅಂದ್ರು. ಅವತ್ತೇ ನಂಗೆ ಅನ್ನಿಸ್ತು, ಈ ಮನೆ ಉಳಿಯಲ್ಲ ಅಂತ." ಮನೆ ಎಂದರೆ ಹಡಗೋ ದೇಶವೋ, ಐರಿಸ್ ಎರಡನೇ ಸಲ ಕೇಳಲಿಲ್ಲ.

ತೊಂಬತ್ತೊಂದನೆಯ ಇಸವಿಯ ಮಾತು ಬಂದಾಗ ಅಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ನಾನೇ ಹೇಳಬೇಕಾಯಿತು. ದೇಶ ಒಡೆದು ಯುದ್ಧ ಶುರುವಾಗಿತ್ತು. ಹಳೆಯ ದೇಶದ ನೌಕಾಪಡೆಯವರು ಹಡಗನ್ನು ದಕ್ಷಿಣಕ್ಕೆ, ನೀನು ಈಗಿರುವ ಕೊಲ್ಲಿಗೆ ಒಯ್ಯಲು ಹೇಳಿದ್ದರು. ಹೋಗಬೇಡ ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತಾಗ ನೀನು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: "ಬೇರೆಯವರ ಕೈಗೆ ಕೊಟ್ರೆ ಎಂಜಿನ್ ಸುಟ್ಟುಹಾಕ್ತಾರೆ ಕಣೇ. ಅಲ್ಲಿ ಬಿಟ್ಟು, ಬಸ್ಸು ಹತ್ತಿ ಬಂದ್ಬಿಡ್ತೀನಿ." ಸಾಂದ್ರೊ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ತಲೆ ಎತ್ತದೆ ಕೇಳಿದ, "ಈಗ ಅದು ಯಾರ ಹಡಗು ಅಪ್ಪಾ?" ನೀನು ಅವನ ತಲೆಗೂದಲನ್ನೊಮ್ಮೆ ಕೆದರಿ ಇಳಿದು ಹೋದೆ. ನೀನು ಹೋದ ಮೇಲೆ ರಸ್ತೆ ಮುಚ್ಚಿತು, ಫೋನು ಸತ್ತಿತು. ಸಾಂದ್ರೊ ನಮ್ಮ ಕಡೆಯ ಸೈನ್ಯಕ್ಕೆ ಹೆಸರು ಕೊಟ್ಟ. ಕ್ರಿಸ್‌ಮಸ್‌ಗೆ ಮೊದಲೇ, ಮುತ್ತಿಗೆಯಲ್ಲಿದ್ದ ದಕ್ಷಿಣದ ಊರಿನ ಮೇಲಿನ ಗುಡ್ಡದಲ್ಲಿ ಸತ್ತ. ಗುಂಡು ಸಮುದ್ರದ ಕಡೆಯಿಂದ ಬಂದದ್ದೆಂದು ಅವನನ್ನು ತಂದವರು ಹೇಳಿದರು. ನಮ್ಮ ಊರಿಗೆ ಅಷ್ಟೇ ಸಾಕಾಯಿತು. ಅಪ್ಪ ಆ ಕಡೆಯ ಹಡಗಿನಲ್ಲಿ, ಮಗ ಈ ಕಡೆಯ ಗುಡ್ಡದಲ್ಲಿ. ದಾನಿತ್ಸಾದಲ್ಲಿ ಒಂದು ತುಪಾಕಿಯೂ ಇರಲಿಲ್ಲ, ಇದ್ದದ್ದು ಕುಡಿಯುವ ಗ್ಲಾಸುಗಳು ಎಂದು ಅಮ್ಮ ಯಾರಿಗೆ ಹೇಳಿದರೂ ಯಾರೂ ಕೇಳಲಿಲ್ಲ. ತ್ರಿಯೆಸ್ತೆಯ ಅತ್ತೆಯ ಮನೆಯ ಮೂಲಕ ನಿನಗೆ ಫೋನು ಸಿಕ್ಕಿದ ದಿನ ಅಮ್ಮ ವಿಷಯ ಹೇಳಿದಳು. ನಿನ್ನ ಕಡೆಯಿಂದ ಉಸಿರು ಮಾತ್ರ ಕೇಳಿಸಿತಂತೆ. ಆಮೇಲೆ ಲೈನು ಹೋಯಿತು. ನೀನು ಇಟ್ಟೆಯೋ ತಾನಾಗಿ ಹೋಯಿತೋ ಎಂದು ಅಮ್ಮ ಕೊನೆಯವರೆಗೂ ತಲೆ ಕೆಡಿಸಿಕೊಂಡಿದ್ದಳು.

ಈಗ ನಾನು ಹೇಳಬೇಕಾದದ್ದಕ್ಕೆ ಬರುತ್ತೇನೆ. ಗಡಿ ತೆರೆದ ಮೇಲೆ, ತೊಂಬತ್ತೆಂಟರ ಸತ್ತವರ ಹಬ್ಬದ ದಿನ ನೀನು ಊರಿಗೆ ಬಂದಿದ್ದೆ. ನಮಗೆ ಗೊತ್ತು. ಸೇವಂತಿಗೆ ಹಿಡಿದು ಸಾಂದ್ರೊನ ಗೋರಿಯ ಹತ್ತಿರ ನಿಂತಿದ್ದಾಗ ಬೆಪೊ ನಿನ್ನನ್ನು ನೋಡಿದ. ಅದೇ ಬೆಪೊ, ನಿನ್ನ ಜೊತೆ ಹಡಗುಕಟ್ಟೆಯಲ್ಲಿ ಕೆಲಸ ಕಲಿತವನು, ಸಾಂದ್ರೊಗೆ ಹೆಸರಿಡುವಾಗ ಚರ್ಚಿನಲ್ಲಿ ಕೂಸನ್ನು ಎತ್ತಿ ಹಿಡಿದವನು. "ಮಗನ್ನ ತಿಂದ್ಕೊಂಡು ಈಗ ಹೂ ತಂದ್ಯಾ ಲೊವ್ರೆ? ಫುಮಿತ್ಸಾ ನಿನ್ನ ಮುಖ ನೋಡ್ತಾಳೆ ಅಂದ್ಕೊಂಡಿದ್ದೀಯಾ? ಬಂದ ಬಸ್ಸಲ್ಲೇ ಹೋಗು" ಎಂದ. ನೀನು ಹೂವನ್ನು ಅಲ್ಲಿಟ್ಟು ಹಾಗೇ ತಿರುಗಿ ಹೋದೆ. ಮನೆ ಅಲ್ಲಿಂದ ಎಷ್ಟು ದೂರ ಅಪ್ಪಾ? ಇಳಿಜಾರಿನ ಒಂದು ಬೀದಿ. ಅಮ್ಮ ಒಲೆಯ ಮುಂದೆ ಇದ್ದಳು.

ಸಂಜೆ ಬೆಪೊ ತಾನೇ ಬಂದು, ದೊಡ್ಡ ಕೆಲಸ ಮಾಡಿದವನ ಹಾಗೆ ಇದನ್ನು ಅಮ್ಮನಿಗೆ ಹೇಳಿದ. ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ಅವನ ಕೆನ್ನೆಗೆ ಹೊಡೆದಳು. "ನನ್ನ ಮಾತು ಆಡೋಕೆ ನಿಂಗೆ ಬಾಯಿ ಕೊಟ್ಟವರು ಯಾರೋ?" ಎಂದಳು. ಕೋಟು ಹಾಕಿಕೊಳ್ಳದೆ, ಮನೆಯ ಚಪ್ಪಲಿಯಲ್ಲೇ ಬಸ್‌ಸ್ಟ್ಯಾಂಡಿಗೆ ಓಡಿದಳು. ನಾನು ಹಿಂದೆ ಓಡಿದೆ. ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಮಾರನೆಯ ದಿನವೇ ನಿನಗೆ ಬರೆದಳು. ಹಳೆಯ ವಿಳಾಸದಿಂದ ಕಾಗದ ವಾಪಸು ಬಂತು. ಹೊಸ ವರ್ಷಕ್ಕೆ ನೀನು ಹಾಕುತ್ತಿದ್ದ ಕಾರ್ಡೂ ಆಮೇಲೆ ಬರಲಿಲ್ಲ. ತಿವಾತ್‌ಗೆ ಹೋಗಿ ಹುಡುಕೋಣ ನಡಿ ಎಂದರೆ, "ನಾನು ಹೋದ್ರೆ ಸಾಂದ್ರೊ ಹತ್ರ ಯಾರಿರ್ತಾರೆ? ದಾರಿ ಅವರಿಗೆ ಗೊತ್ತು, ಬರ್ತಾರೆ" ಎನ್ನುತ್ತಿದ್ದಳು. ಬೆಪೊನ ಜೊತೆ ಮಾತ್ರ ಮತ್ತೆ ಮಾತಾಡಲಿಲ್ಲ. ಅಂಗಡಿಯ ಸಾಲಿನಲ್ಲಿ ಅವನು ಮುಂದಿದ್ದರೆ ಬ್ರೆಡ್ಡಿಲ್ಲದೆ ಮನೆಗೆ ಬರುತ್ತಿದ್ದಳು.

ಅದಾದ ಮೇಲೆ ಒಂದು ದಿನ ಹಡಗೇ ಬಂತು. ನಿಮ್ಮ ಕಡೆಯವರು ಅದನ್ನು ಗ್ರೀಕ್ ಶ್ರೀಮಂತನೊಬ್ಬನಿಗೆ ಮಾರಿದ್ದರಂತೆ. ಅವನು ಹೊಸದು ಮಾಡಿಸುತ್ತೇನೆಂದು ಎಳೆಯುವ ದೋಣಿ ಕಟ್ಟಿ ನಮ್ಮ ಹಡಗುಕಟ್ಟೆಗೇ ತಂದು ನಿಲ್ಲಿಸಿದ. ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದ ಅಮ್ಮ ಒದ್ದೆ ಹೊದಿಕೆಯನ್ನು ಕೈಯಲ್ಲಿ ಹಿಡಿದೇ ನಿಂತಳು. ಬಿಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ಪಕ್ಕೆಯೆಲ್ಲ ತುಕ್ಕು. ಆದರೂ ಗುರುತು ಸಿಗದೆ ಇರುತ್ತದೆಯೇ? ಕೆಳಗಿನಿಂದ ಯಾರೋ ಕೂಗಿದರು, "ಫುಮಿತ್ಸಾ, ನಿನ್ ಗಂಡನ್ ಹಡಗು ಈಜ್ಕೊಂಡು ಬಂತಲ್ಲೇ, ಅವನಿಗೇ ಬಸ್ಸು ಸಿಗ್ಲಿಲ್ವಾ?" ಊರೆಲ್ಲ ನಕ್ಕಿತು. ಅಮ್ಮ ಹೊದಿಕೆಯನ್ನು ತಂತಿಗೆ ಹಾಕಿ, ಮುಖ ತೊಳೆದುಕೊಂಡು, ಒಳ್ಳೆಯ ಬಟ್ಟೆ ಉಟ್ಟು ಬಂದರಿಗೆ ಇಳಿದಳು. ಎಳೆದುಕೊಂಡು ಬಂದ ಹಡಗಿನಲ್ಲೂ ಒಬ್ಬ ಎಂಜಿನಿಯರ್ ಇರಲೇಬೇಕೆಂದು ಯಾಕೋ ಅವಳಿಗೆ ಅನ್ನಿಸಿತ್ತು. ಅದರಿಂದ ಇಳಿದವರು ಇಬ್ಬರು ಕಾವಲುಗಾರರು.

ಗ್ರೀಕನ ದುಡ್ಡು ಮುಗಿಯಿತು. ಹಡಗು ಅಲ್ಲೇ ಉಳಿಯಿತು. ಕಿಟಕಿಯ ಹಿತ್ತಾಳೆಯನ್ನೆಲ್ಲ ಕಳ್ಳರು ಬಿಚ್ಚಿಕೊಂಡು ಹೋದರು. ಒಂದು ಚಳಿಗಾಲ ಬೂರಾ ಬೀಸಿ ಒಳಗೆ ನೀರು ನುಗ್ಗಿ ಒಂದು ಪಕ್ಕಕ್ಕೆ ವಾಲಿತು. ಊರಿನವರಿಗೆ ಅದು ಕಣ್ಣಿನ ಕಸ. ಅಮ್ಮನಿಗೆ ಮಾತ್ರ ಬೆಳಿಗ್ಗೆ ಎದ್ದು ಕಿಟಕಿ ತೆರೆದ ಕೂಡಲೇ ಅದನ್ನು ನೋಡದಿದ್ದರೆ ದಿನ ಶುರುವಾಗುತ್ತಿರಲಿಲ್ಲ.

ಹೋದ ಬೇಸಗೆಯಲ್ಲೇ ಐರಿಸ್ ಅವಳನ್ನು ಹಡಗಿನ ಮೇಲೆ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಅಧ್ಯಕ್ಷರ ಕೋಣೆ, ಊಟದ ಸಭಾಂಗಣ ಯಾವುದನ್ನೂ ಅಮ್ಮ ನೋಡಲಿಲ್ಲ. "ಕೆಳಗೆ ಹೋಗ್ಬೇಕು" ಎಂದಳು. ನೀನು ಅಷ್ಟು ವರ್ಷ ದುಡಿದರೂ ಎಂಜಿನ್ ಕೋಣೆಗೆ ಅವಳನ್ನು ಬಿಟ್ಟಿರಲಿಲ್ಲ, ಬಟ್ಟೆಗೆ ಎಣ್ಣೆಯಾಗುತ್ತದೆ ಎನ್ನುತ್ತಿದ್ದೆ. ಕಬ್ಬಿಣದ ಕಡಿದಾದ ಮೆಟ್ಟಿಲು, ಅವಳ ಉಸಿರು ಆಗಲೇ ಕೆಟ್ಟಿತ್ತು. ನಾವಿಬ್ಬರೂ ಹಿಂದೆ ಮುಂದೆ ಹಿಡಿದು ಇಳಿಸಿದೆವು. ಐರಿಸ್ ಬ್ಯಾಟರಿ ಬಿಟ್ಟಳು. ಎಂಜಿನ್ನು ತುಕ್ಕು ಹಿಡಿದು ಒಂದೇ ಮುದ್ದೆಯಾಗಿ ನಿಂತಿತ್ತು. ಅಮ್ಮ ಅದರ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದಳು, "ಇದಕ್ಕೋಸ್ಕರ ಹೋದ್ರಲ್ಲ ನೆವಾ. ಇದೂ ಉಳೀಲಿಲ್ಲ." ಮೇಲೆ ಬಂದ ಮೇಲೆ ಡೆಕ್ಕಿನ ಮೇಲೆ ಕೂತು ಅತ್ತಳು. ಸಾಂದ್ರೊನ ಶವದ ಪೆಟ್ಟಿಗೆ ಬಂದ ದಿನದ ನಂತರ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ. ಅಳುತ್ತಲೇ ಹೇಳಿದ ಮಾತನ್ನು ನಿನಗೆ ಹಾಗೆಯೇ ಮುಟ್ಟಿಸುತ್ತೇನೆ: "ಸಾಂದ್ರೊ ವಿಷ್ಯಕ್ಕೆ ನಾನು ಅವರ ಮೇಲೆ ಒಂದಿನಾನೂ ಸಿಟ್ಟಾಗಿಲ್ಲ. ಬೆಪೊ ಮಾತು ನಂಬಿದ್ರಲ್ಲ, ಅದಕ್ಕೆ. ನನ್ನನ್ನ ಒಂದ್ಮಾತು ಕೇಳ್ಬೋದಿತ್ತು."

ನಿನ್ನ ಮೇಲೆ ನನಗೂ ಸಿಟ್ಟಿತ್ತು ಅಪ್ಪಾ, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಎಂಬತ್ತಾದ ನೀನು ಅಲ್ಲಿ ಒಬ್ಬನೇ ಅಡುಗೆ ಮಾಡಿಕೊಳ್ಳುತ್ತೀಯೆಂದು ಐರಿಸ್ ಹೇಳಿದಾಗ, ಏನು ತಿನ್ನುತ್ತಿರಬಹುದು ಎಂದೇ ಮೊದಲು ಯೋಚನೆ ಬಂತು. ಅಮ್ಮನ ಪೆಟ್ಟಿಗೆಗೆ ಹೆಗಲು ಕೊಡಲು ಬೆಪೊ ಬಂದ. ಬೇಡವೆನ್ನಲು ನನ್ನಿಂದಾಗಲಿಲ್ಲ. ಮಣ್ಣು ಹಾಕಿದ ಮೇಲೆ ಟೋಪಿ ಹಿಸುಕುತ್ತಾ ನನ್ನ ಹತ್ತಿರ ಬಂದು, "ನಂಜೊತೆ ಮಾತಾಡ್ದೇನೇ ಹೋದ್ಲಲ್ಲಾ" ಎಂದು ಮಗುವಿನ ಹಾಗೆ ಅತ್ತ. ಲೊವ್ರೆಗೆ ಬರೆದರೆ ನಾನು ಕೇಳಿದೆನೆಂದು ಬರಿ ಎಂದ. ಬರೆದಿದ್ದೇನೆ.

ಚಳಿಯಲ್ಲಿ ಹೊರಗೆ ಹೋಗಬೇಡ. ಬಿಸಿ ಸೂಪು ಕುಡಿ, ಬರೀ ಬ್ರೆಡ್ಡಿನಲ್ಲಿ ದಿನ ದೂಡಬೇಡ. ಮೇರಿ ತಾಯಿ ನಿನ್ನನ್ನು ಕಾಪಾಡಲಿ.

ನಿನ್ನ ಮಗಳು,
ನೆವಾ

ಮರೆತೆ, ಇದನ್ನು ಕೇಳುವುದಕ್ಕೇ ಕಾಗದ ಹಿಡಿದದ್ದು: ಗೋರಿಯ ಕಲ್ಲು ಕೆತ್ತುವವನು ನಿನ್ನೆ ಬಂದಿದ್ದ. ಸಾಂದ್ರೊನ ಹೆಸರಿನ ಕೆಳಗೆ ತನ್ನ ಹೆಸರು ಬರೆಸುವಾಗ ನಡುವೆ ಇನ್ನೊಂದು ಹೆಸರು ಹಿಡಿಸುವಷ್ಟು ಒಂದು ಸಾಲು ಖಾಲಿ ಬಿಡಬೇಕೆಂದು ಅಮ್ಮ ಬದುಕಿದ್ದಾಗಲೇ ಅವನಿಗೆ ಹೇಳಿಟ್ಟಿದ್ದಳಂತೆ. ಆ ಜಾಗ ಬಿಡಲೋ, ಹೆಸರುಗಳನ್ನು ಒತ್ತೊತ್ತಾಗಿ ಕೆತ್ತಿಬಿಡಲೋ ಎಂದು ಕೇಳುತ್ತಿದ್ದಾನೆ. ಉತ್ತರವನ್ನು ಕಾಗದದಲ್ಲಿ ಬರೆಯಬೇಡ ಅಪ್ಪಾ. ಬಂದು ಅವನಿಗೇ ಹೇಳು. ಈ ಸಲ ಗೋರಿಯಿಂದ ಹಾಗೇ ಹಿಂದಕ್ಕೆ ಹೋಗಬೇಡ, ಕೆಳಗೆ ಮನೆಗೆ ಬಾ. ನಾನಿದ್ದೇನೆ.