ಅಮ್ಮ ತಿಕ್ಕಿಟ್ಟ ಡಬ್ಬಿಗಳು

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಈ ಸಲ ಬಾಯುಪಚಾರಕ್ಕೆ ಕೇಳುತ್ತಿಲ್ಲ. ಕಣ್ಣು ಮಂಜಾಗಿದೆಯೇ? ಒಂದೇ ವಸ್ತು ಎರಡಾಗಿ ಕಾಣುತ್ತಿದೆಯೇ? ನಾಲಿಗೆ ತೊದಲುತ್ತಿದೆಯೇ, ನೀರು ನುಂಗಲು ಕಷ್ಟವಾಗುತ್ತಿದೆಯೇ? ಇದರಲ್ಲಿ ಒಂದಿದ್ದರೂ ಮುಂದೆ ಓದಬೇಡ, ಈ ಕಾಗದ ತಂದ ಜೀಪನ್ನೇ ಹತ್ತಿ ಬೆಟ್ಟ ಇಳಿದು ಬಾ. ಏನೂ ಇಲ್ಲವಾದರೆ ದೇವರು ದೊಡ್ಡವನು, ಕೂತು ಓದು. ನಾವು ಕಟ್ಟಿಕೊಟ್ಟ ಮೀನಿನ ಡಬ್ಬಿಗಳನ್ನು ಮಾತ್ರ ಮುಟ್ಟಬೇಡ.

ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವಷ್ಟರಲ್ಲೇ ಮೀನಿನ ಕಂಪನಿಯವನು ಬಂದು ನಿಂತಿದ್ದ. ಒಂದು ಸಲದ ಮಾಲು ಸರಿಯಾಗಿ ಬೆಂದಿಲ್ಲವಂತೆ, ಒಳಗೆ ವಿಷ ಹುಟ್ಟಿರಬಹುದಂತೆ, ವಾಸನೆಯಿಂದಾಗಲಿ ರುಚಿಯಿಂದಾಗಲಿ ಗೊತ್ತೇ ಆಗುವುದಿಲ್ಲವಂತೆ. ಡಬ್ಬಿಯ ತಳದಲ್ಲಿ ಮಸಿಯಿಂದ ಒತ್ತಿದ ನಂಬರು ನೋಡಿ ಆ ಮಾಲನ್ನೆಲ್ಲ ವಾಪಸ್ ತರಿಸಿ ಎಂದ. ಗಲ್ಲಾದ ಮುಂದೆ ಕೂತು ಬಂದವರಿಗೆಲ್ಲ ಅದನ್ನೇ ಒಪ್ಪಿಸುತ್ತಿದ್ದೆ. ಹೇಳುತ್ತಾ ಹೇಳುತ್ತಾ ನಮ್ಮ ಅಡುಗೆಮನೆಯ ಶೆಲ್ಫು ಕಣ್ಣ ಮುಂದೆ ಬಂತು ನೋಡು, ಶಟರ್ ಎಳೆದು ಮನೆಗೆ ಓಡಿ ಬಂದೆ.

ಅಮ್ಮನ ಮಡಿ ನಿನಗೆ ಹೊಸದೇ? ಡಬ್ಬಿ ಎಷ್ಟು ಜನರ ಕೈ ದಾಟಿ ಬಂದಿದೆಯೋ ಎಂದು ಸುತ್ತಲಿನ ಕಾಗದ ಕಿತ್ತು, ನಾರು ಹಾಕಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗಿದ ಮೇಲೆಯೇ ಒಳಗಿಡುವುದು. ಚಿಕ್ಕಂದಿನಲ್ಲಿ ನಮ್ಮ ಮೊಣಕೈಗಳಿಗೂ ಅದೇ ಗತಿಯಾಗಿತ್ತಲ್ಲ. ಈಗ ಒಂದು ಡಬ್ಬಿಯ ಮೇಲೂ ನಂಬರಿಲ್ಲ. ಯಾವುದು ಊಟ, ಯಾವುದು ಯಮ, ಹೇಳುವವರಿಲ್ಲ. ಅದೇ ಶೆಲ್ಫಿನದನ್ನೇ ನಿನ್ನ ಚೀಲಕ್ಕೂ ತುಂಬಿದ್ದು. ಊರವರ ಫೋನಿಗೆಂದು ಟವರ್ ರಿಪೇರಿಗೆ ಹೋದ ನಿನಗೇ ಆ ಬೆಟ್ಟದ ಮೇಲೆ ಫೋನಿಲ್ಲ, ಯಾರ ಹತ್ತಿರ ಹೇಳಿಕೊಳ್ಳಲಿ! ದಿನಸಿ ತರುವ ಜೀಪಿನ ಡ್ರೈವರಿಗೆ ಬಾಯಲ್ಲೂ ಹೇಳುತ್ತೇನೆ, ಆದರೆ ಅವನ ಮರೆವು ನಿನಗೆ ಗೊತ್ತಲ್ಲ.

ವಿಷಯ ಕೇಳಿದಾಗಿನಿಂದ ಅಮ್ಮ ಮಂಕು ಬಡಿದವಳ ಹಾಗಿದ್ದಾಳೆ. “ನನ್ನ ಕೈಯಾರೆ ಅಳಿಸ್ಬಿಟ್ಟೆನಲ್ಲೇ, ಅವನು ತಿಂದಿದ್ರೆ ಏನೇ ಗತಿ?” ಎಂದು ಅದೊಂದೇ ಮಾತು. ನನಗೂ ಭಯವಾಗುತ್ತಿದೆ ಅಣ್ಣಾ, ತುಂಬಾ ಭಯ. ಅವಳ ಎದುರಿಗೆ ತೋರಿಸಿಕೊಳ್ಳದೆ ಹಿಂದಿನ ಕೋಣೆಗೆ ಬಂದು ಬರೆಯುತ್ತಿದ್ದೇನೆ.

ನಿನಗೆ ಅಮ್ಮನ ಆಶೀರ್ವಾದ. ನನ್ನಿಂದ ಎಂದಿನ ಜಗಳವೂ ಪ್ರೀತಿಯೂ.

ನಿನ್ನ ತಂಗಿ

ಇನ್ನೊಂದು ಮಾತು: ಜೀಪು ಬಂದು ಹಾರ್ನ್ ಹೊಡೆಯುತ್ತಿದೆ. ಲಕೋಟೆಗೆ ಅಂಟು ತರಲು ಅಡುಗೆಮನೆಗೆ ಹೋದರೆ ಅಮ್ಮ ಒಂದು ಖಾಲಿ ಡಬ್ಬಿ ತಿಕ್ಕುತ್ತಿದ್ದಾಳೆ. ಮೀನೆಲ್ಲಿ ಎಂದೆ. “ತಿಂದೆ ಕಣೇ. ಅವನ ಹತ್ರ ಇರೋದೂ ಇವೇ ತಾನೇ? ನನಗೇನೂ ಆಗ್ಲಿಲ್ಲ ಅಂದ್ರೆ ಅವನಿಗೂ ಏನೂ ಆಗಲ್ಲ ಅಂತ ಬರಿ” ಎನ್ನುತ್ತಾಳೆ. ಮೊದಲು ನಮ್ಮಿಬ್ಬರನ್ನು ಆಸ್ಪತ್ರೆಗೆ ಬಿಟ್ಟು ಆಮೇಲೆ ಬೆಟ್ಟಕ್ಕೆ ಹೋಗು ಎಂದು ಡ್ರೈವರನ್ನು ಬೇಡಿಕೊಂಡಿದ್ದೇನೆ. ಕಾಗದ ನಿನಗೆ ತಲುಪುವುದು ಅಷ್ಟು ತಡವಾಗುತ್ತದೆ. ಅಲ್ಲಿಯವರೆಗೆ ಡಬ್ಬಿ ತೆರೆಯಬೇಡ ಅಣ್ಣಾ.