ತಂಗಿಯ ಕೋಟು, ಅಕ್ಕನ ಅಳತೆ

ಚಿತ್ತಾಪುರ
೧೦-೧-೧೯೭೪

ಚಿ. ನೀಲಾಬಾಯಿಗೆ ಅಕ್ಕನ ಆಶೀರ್ವಾದ.

ನಾವು ಇಲ್ಲಿ ಆರಾಮ ಇದ್ದೇವೆ. ಸೇಡಂನಲ್ಲಿ ಅಪ್ಪ, ಅವ್ವ, ನಮ್ಮ ಸೋದರತ್ತೆ ರತ್ನಾಬಾಯಿ, ನೀನು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ.

ನಿನ್ನ ಪತ್ರ ಎಳ್ಳಮಾವಾಸ್ಯೆಯ ಮರುದಿನವೇ ಬಂದಿತ್ತು. ಉತ್ತರ ಇಷ್ಟು ತಡವಾದದ್ದಕ್ಕೆ ಬೇಜಾರಾಗಬೇಡ. ಅಂಗಡಿಯಲ್ಲಿ ಲಗ್ನದ ಜವಳಿ ಕೊಳ್ಳುವವರ ಗದ್ದಲ, ಮನೆಯಲ್ಲಿ ಬೀಗರು ಬಂದು ಹೋಗುವುದು, ನಡುವೆ ನನಗೆ ನೆಗಡಿ. ಹೀಗೆ ಎಷ್ಟೋ ನೆಪ ಹೇಳಬಹುದು, ಎಲ್ಲವೂ ನಿಜವೇ. ಆದರೆ ನಿನ್ನ ಹತ್ತಿರ ಮುಚ್ಚುಮರೆ ಏಕೆ? ತಡವಾದದ್ದು ಹೊಟ್ಟೆಕಿಚ್ಚಿನಿಂದ. ವಾಡಿಯ ಸಿಮೆಂಟ್ ಕಾರ್ಖಾನೆಯವರು ಟೈಪಿಸ್ಟ್ ಕೆಲಸಕ್ಕೆ ನಿನ್ನನ್ನು ಇಂಟರ್‌ವ್ಯೂಗೆ ಕರೆದಿದ್ದಾರೆ ಎಂಬ ಸಾಲು ಓದಿದೆ, ಪತ್ರ ಮಡಚಿ ಜೋಳದ ಡಬ್ಬಿಯ ಹಿಂದೆ ಇಟ್ಟೆ. ಎರಡು ದಿನ ಮನೆಯಲ್ಲಿ ಯಾರೊಡನೆಯೂ ನೆಟ್ಟಗೆ ಮಾತಾಡಲಿಲ್ಲ.

ಡಬ್ಬಿಯ ಹಿಂದಿನ ಪತ್ರ ಕೈಗೆ ಸಿಕ್ಕಮೇಲೆ ನಮ್ಮ ಮನೆಯವರು ಮಾತ್ರ ನನ್ನ ಪಾಲಿನ ಸಂತೋಷವನ್ನೂ ತಾವೇ ಪಟ್ಟುಬಿಟ್ಟರು. ಅಂಗಡಿಗೆ ಬಂದವರ ಮುಂದೆ ಬಟ್ಟೆಯ ಥಾನು ಬಿಚ್ಚುತ್ತಲೇ, "ನನ್ನ ಹೇಣ್ತಿ ತಂಗಿ ರೀ, ವಾಡಿ ಫ್ಯಾಕ್ಟರಿದವರು ಕರದಾರ. ಭಾಳ ಶಾಣ್ಯಾಕಿ ಹುಡುಗಿ," ಎಂದು ಹೇಳುತ್ತಾರೆ. ನಾನು ನಾಲ್ಕು ಸಲ ಕೇಳಿಸಿಕೊಂಡು ಸುಮ್ಮನಿದ್ದೆ. ಐದನೆಯ ಸಲಕ್ಕೆ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ: "ಆ ಶಾಣ್ಯಾಕಿಗಿ ಟೈಪಿಂಗ್ ಕಲಿಸಿದಾಕಿ ಯಾರು, ಗೊತ್ತದೇನ್ರಿ ನಿಮಗ?"

"ಯಾರು?"

"ನಾನು. ಪರೀಕ್ಷಾದಾಗ ಆಕಿಗಿಂತ ಹೆಚ್ಚಿನ ನಂಬರ ನನಗ ಬಂದಿದ್ದವು."

ಅವರು ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. "ಹೌದಾ? ಲಗ್ನ ಆಗಿ ಮೂರು ವರ್ಷ ಆಯ್ತು, ಒಂದ್ ಸಲಾನೂ ಹೇಳಿಲ್ಲಲ್ಲ ನೀ," ಎಂದರು. ಹೇಳಲು ಯಾರು ಕೇಳಿದ್ದರು? ಕನ್ಯೆ ನೋಡಲು ಬಂದಾಗ ಅವರ ದೊಡ್ಡಪ್ಪ ಕೇಳಿದ್ದು ಒಂದೇ ಮಾತು, "ಸಜ್ಜಿ ರೊಟ್ಟಿ ತೆಳ್ಳಗ ಬಡೀಲಿಕ್ಕ ಬರ್ತದೇನವ್ವಾ?" ಬರುತ್ತದೆ ಎಂದೆ. ನನ್ನ ಇಂಟರ್‌ವ್ಯೂ ಅಲ್ಲಿಗೆ ಮುಗಿದಿತ್ತು.

ನಿನಗೆ ನೆನಪಿದೆಯೋ ಇಲ್ಲವೋ. ಸೇಡಂನ ಆ ಟೈಪಿಂಗ್ ಕ್ಲಾಸಿನಲ್ಲಿ ನಮ್ಮಿಬ್ಬರಿಗೂ ಸೇರಿ ಒಂದೇ ಮಶೀನು. ನೀನು ಅಕ್ಷರ ನೋಡದೆ ಒಂದು ಸಾಲೂ ಹೊಡೆಯಲಾರದೆ ಅಳುತ್ತಿದ್ದೆ. ನಾನು ಟವೆಲ್ಲು ತಂದು ನಿನ್ನ ಕೈಗಳ ಮೇಲೆ ಹೊದಿಸಿ, ಒಂದೊಂದೇ ಅಕ್ಷರ ಹೇಳುತ್ತಿದ್ದೆ. ಈಗ ಆ ಬೆರಳುಗಳಿಗೆ ಕರೆ ಬಂದಿದೆ. ಬರಲಿ, ಒಳ್ಳೆಯದಾಗಲಿ. ಆದರೆ ಟವೆಲ್ಲಿನ ಹೆಸರನ್ನು ಯಾರೂ ಎತ್ತುವುದಿಲ್ಲವಲ್ಲ ಎಂದು ನನಗೆ ಉರಿಯುತ್ತದೆ.

ರತ್ನಾಬಾಯಿ ಅತ್ತೆ ನಿನ್ನನ್ನು ತಯಾರು ಮಾಡುತ್ತಿರುವ ರೀತಿ ಓದಿ ಮಾತ್ರ ಬಿದ್ದು ಬಿದ್ದು ನಕ್ಕೆ. ಅವಳು ಹೇಳಿದಳೆಂದು ನೀನು ಬರೆದ ಮಾತು ಹಾಗೇ ಅವಳ ದನಿಯಲ್ಲಿ ಕೇಳಿಸಿತು: "ಹೋದಕೂಡ್ಲೇ ಹಿರಿಯಾರ ಕಾಲಿಗಿ ಬೀಳು. ತಲಿ ಎತ್ತಿ ನೋಡಬ್ಯಾಡ. ಕೇಳಿದ್ದಕ್ಕ ನಿಮ್ಮಪ್ಪ ಉತ್ತರ ಕೊಡ್ತಾನ. ಜರಾ ಪೇಢೆ ಕಟ್ಟಿಕೊಡ್ತೀನಿ, ಅವರ ಮುಂದ ಇಡು." ಪಾಪ, ಹೆಣ್ಣುಮಕ್ಕಳನ್ನು ನಾಲ್ಕು ಜನ ಗಂಡಸರು ಕೂತು ನೋಡುವುದೆಂದರೆ ಅವಳಿಗೆ ತಿಳಿದದ್ದು ಕನ್ಯೆ ನೋಡುವ ಶಾಸ್ತ್ರವೊಂದೇ. ಅಪ್ಪನಿಗೂ ಅಷ್ಟೇ. ಅವನು ನಿನ್ನ ಜೊತೆ ಬರಲಿ, ಆದರೆ ಗೇಟಿನ ಹೊರಗೆ ಕೂರಲಿ. ಒಳಗೆ ಬಂದರೆ "ನಮ್ಮ ಹುಡುಗಿ ಭಾಳ ಮೆತ್ತಗಿನಾಕಿ ರೀ," ಎಂದು ಶುರುಮಾಡುತ್ತಾನೆ.

ಅದೇ ಅತ್ತೆ ನನ್ನನ್ನು ಎಷ್ಟು ಸಲ ತಯಾರು ಮಾಡಿದ್ದಳು! ನಾನು ಗಿಡ್ಡ ಎಂದು ಗೊತ್ತಾಗಬಾರದೆಂದು ಒಂದರ ಮೇಲೊಂದು ಎರಡು ಮಣೆ ಇಟ್ಟು, ಮೇಲೆ ಜಮಖಾನೆ ಹಾಸಿ ಕೂರಿಸುತ್ತಿದ್ದಳು. ಶಹಾಬಾದಿನವರು ಬಂದಾಗ ವರನ ಕಾಕಾ, "ಜರಾ ಎದ್ದು ನಿಂದ್ರವ್ವಾ," ಎಂದ. ನಾನು ಮಣೆಯಿಂದ ಇಳಿದು ನಿಂತೆ. ಕೂತಿದ್ದಾಗಿನದಕ್ಕಿಂತ ನಿಂತಾಗಲೇ ಸಣ್ಣಗೆ ಕಂಡೆನೆಂದು ಅವರು ಹೋಗುವಾಗ ಅಂಗಳದಲ್ಲೇ ನಗಾಡಿದರು. ಇನ್ನೊಬ್ಬರು ಕುರ್ಚಿಯ ಮೇಲೆ ಕೂರಿಸಿದರು. ಕಾಲು ನೆಲಕ್ಕೆ ಮುಟ್ಟದೆ ಜೋತಾಡುತ್ತಿದ್ದವು. ಆಗ ನೀನು ಪರದೆಯ ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನಕ್ಕಿದ್ದೆ. ನಿನ್ನನ್ನಾದರೂ ನಿನಗೇನು ಬರುತ್ತದೆಂದು ಕೇಳುತ್ತಾರೆ. ನನಗೆ ಹೇಳಿದ್ದು, ನಡೆದು ತೋರಿಸು ಎಂದು.

ಇರಲಿ, ನೀನು ಕೇಳಿದ್ದಕ್ಕೆ ಬರುತ್ತೇನೆ. ಕಾರ್ಖಾನೆಯಲ್ಲಿ ಬೊಂಬಾಯಿಯಿಂದ ಬಂದ ಸಾಹೇಬರಿದ್ದಾರೆ, ಅಲ್ಲಿಯ ಆಫೀಸುಗಳಲ್ಲಿ ಹೆಣ್ಣುಮಕ್ಕಳೂ ಕೋಟು ಪ್ಯಾಂಟು ಹಾಕುತ್ತಾರೆಂದು ನಿನ್ನ ಟೈಪಿಂಗ್ ಸರ್ ಹೇಳಿದರು, ಸೂಟು ಹೊಲಿಸಲೇ ಎಂದು ಕೇಳಿದ್ದೀಯೆ. ಪ್ಯಾಂಟಿನ ಮಾತು ಬಿಡು. ನಿನ್ನನ್ನು ಪ್ಯಾಂಟಿನಲ್ಲಿ ನೋಡಿದರೆ ಅಪ್ಪ ಸೇಡಂ ಸ್ಟೇಷನ್ನಿನಲ್ಲೇ ಕೂತುಬಿಡುತ್ತಾನೆ, ರೈಲು ಹತ್ತುವುದಿಲ್ಲ. ಸೀರೆ ಉಡು, ಅದರ ಮೇಲೆ ಕೋಟು ಹಾಕು. ಅದೇ ನಮ್ಮ ಸೂಟು. ನಾನೇ ಹೊಲಿಸಿದ್ದೇನೆ.

ಬಟ್ಟೆ ನಮ್ಮ ಅಂಗಡಿಯದೇ, ಬೂದಿ ಬಣ್ಣದ ಟೆರಿಕಾಟ್. ಸೀರೆಯೂ ಅದೇ ಬಣ್ಣ. ಮೇಲೊಂದು ಬಣ್ಣ ಕೆಳಗೊಂದು ಬಣ್ಣ ಹಾಕಿದರೆ ನಮ್ಮಂಥ ಗಿಡ್ಡರು ನಡುವಿಗೆ ತುಂಡಾದ ಹಾಗೆ ಕಾಣುತ್ತೇವೆ. ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣವಿದ್ದರೆ ನೋಡುವವರ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಅಗಲ ಅಂಚಿನ ಇಳಕಲ್ ಸೀರೆ ಉಡಿಸಲು ಅತ್ತೆ ಹಟ ಮಾಡುತ್ತಾಳೆ, ಒಪ್ಪಬೇಡ. ಆ ಅಂಚು ಮೊಣಕಾಲಿನವರೆಗೆ ಬಂದು ಅರ್ಧ ಎತ್ತರವನ್ನು ತಾನೇ ತಿಂದುಬಿಡುತ್ತದೆ. ಇದನ್ನೆಲ್ಲ ಯಾರೂ ಕಲಿಸಲಿಲ್ಲ. ಅಂಗಡಿಗೆ ಬರುವ ಹೆಂಗಸರನ್ನು ನೋಡಿ ನೋಡಿ, ನಾನೇ ಉಟ್ಟು ಉಟ್ಟು ಗೊತ್ತಾದದ್ದು.

ಕೋಟು ಹೊಲಿದವನು ಇಲ್ಲಿಯ ಲಾಲ್ ಅಹ್ಮದ್. ವರನ ಕೋಟುಗಳಿಗೆ ಅವನದು ದೊಡ್ಡ ಹೆಸರು, ಆದರೆ ಹೆಂಗಸರ ಕೋಟು ಎಂದೂ ಹೊಲಿದವನಲ್ಲ. ಬಟ್ಟೆ ಮುಟ್ಟಿ ನೋಡಿ, "ಉದ್ದ ಇದ್ರೇ ರುಬಾಬ್ ಬರ್ತದ್ರಿ ಅಕ್ಕೋರೆ. ಮೊಣಕಾಲ ಮ್ಯಾಲಿನ ತನಕ ಇಡ್ತೀನಿ. ಭುಜಕ್ಕ ದಪ್ಪ ಹತ್ತಿ, ಅಗಲ ಕಾಲರ್. ಸಣ್ಣ ಮನಷ್ಯಾರು ದೊಡ್ಡ ಕಾಣಬೇಕಂದ್ರ ಹಂಗೇ ಹೊಲೀಬೇಕ್ರಿ," ಎಂದ.

ನೀಲಾ, ನಾನು ಅಲ್ಲಿ ಒಂದು "ಹೂಂ" ಅಂದಿದ್ದರೆ ಸಾಕಾಗಿತ್ತು. ಅಣ್ಣನ ಕೋಟು ಹಾಕಿಕೊಂಡು ಬಂದ ಶಾಲೆಯ ಹುಡುಗಿಯಂತೆ ನೀನು ಸಾಹೇಬರ ಮುಂದೆ ನಿಲ್ಲುತ್ತಿದ್ದೆ. ಟೇಲರ್ ಕೆಡಿಸಿದ ಎಂದು ನಾನೂ ನಿನ್ನ ಜೊತೆ ಕೂತು ಬೈಯಬಹುದಿತ್ತು. ಆ "ಹೂಂ" ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನನ್ನು ನೋಡಿ ನಗುವವರ ಮುಖಗಳನ್ನು ಎಣಿಸಿಕೊಳ್ಳಲು ಹೋದರೆ ಆ ಶಹಾಬಾದಿನವರ ಮುಖಗಳೇ ಕಣ್ಣ ಮುಂದೆ ಬಂದವು. "ಬ್ಯಾಡ್ರಿ, ಟೊಂಕದ ಕೆಳಗ ನಾಕು ಬೆರಳಿಗಿ ನಿಂದ್ರಸ್ರಿ. ಕಾಲರ್ ಸಣ್ಣದಿರ್ಲಿ, ಹತ್ತಿ ಬ್ಯಾಡ. ತೋಳು ಮಣಿಕಟ್ಟಿಗಿ ಮುಗೀಬೇಕು," ಎಂದೆ. ಅವನು ಗೊಣಗಿದ, ನಾನು ಬಿಡಲಿಲ್ಲ.

"ಅಳತಿ ಯಾರದ್ರಿ?" ಎಂದು ಕೇಳಿದ. "ನಂದೇ ತಗೋರಿ, ಇಬ್ಬರದೂ ಒಂದೇ ಎತ್ತರ," ಎಂದೆ. ಅವನ ಹೆಂಡತಿ ಹಮೀದಾಬಿ ಒಳಮನೆಗೆ ಕರೆದುಕೊಂಡು ಹೋಗಿ ಟೇಪು ಹಿಡಿದಳು. ಸೀರೆಯ ಮೇಲಿನ ಅಂಚಿನಿಂದ ಅರ್ಧ ಗೇಣು ಕತ್ತರಿಸಿ ಮಡಚಿ ಹೊಲಿ ಎಂದಾಗ ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. "ಯಾ ಅಲ್ಲಾ, ಹೊಸಾ ಸೀರಿಗಿ ಕತ್ರಿ ಹಾಕ್ತಾರೇನ್ರಿ?" ಹಾಕಬೇಕು. ಗಿರಣಿಯವರು ಎತ್ತರದ ಹೆಂಗಸರಿಗೆ ನೇಯ್ದ ಅಗಲವನ್ನು ನಾವು ಸೊಂಟದಲ್ಲಿ ಮಡಚಿ ಮಡಚಿ ತುರುಕಿ, ಹೊಟ್ಟೆಯ ಮೇಲೆ ಗಂಟು ಹೊತ್ತುಕೊಂಡು ತಿರುಗುತ್ತೇವೆ. ಸೆರಗು ಕೋಟಿನೊಳಗೆ ಹೋಗುವುದರಿಂದ ಕತ್ತರಿಸಿದ್ದು ಯಾರಿಗೂ ಕಾಣುವುದಿಲ್ಲ.

ಕೋಟು ತಯಾರಾದ ದಿನ ಹಮೀದಾಬಿಯ ಒಳಮನೆಯಲ್ಲೇ ಸೀರೆಯನ್ನೂ ಉಟ್ಟು, ಕೋಟು ತೊಟ್ಟು, ಗುಂಡಿ ಹಾಕಿ ನಿಂತೆ. ಆಗ ಬಟ್ಟೆ ಹೊಲಿಸಲು ಬಂದಿದ್ದ ಯಾರೋ ಹೆಂಗಸು ಬಾಗಿಲಲ್ಲೇ ನಿಂತು, "ಈ ಬಾಯೋರು ಯಾವ ಆಫೀಸ್ನಾಗ ಇರ್ತಾರ?" ಎಂದು ಹಮೀದಾಬಿಯನ್ನು ಮೆಲ್ಲಗೆ ಕೇಳಿದಳು. ಹಮೀದಾಬಿ ನನ್ನ ಕಡೆ ನೋಡಿದಳು. ಯಾವ ಆಫೀಸಿನಲ್ಲೂ ಇಲ್ಲ ಎಂದು ನಾನು ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಆ ಹೆಂಗಸು ಸೆರಗು ಸರಿಮಾಡಿಕೊಂಡು ನನಗೆ ದಾರಿ ಬಿಟ್ಟಳು. ಎಷ್ಟು ಹಿತವಾಯಿತೆಂದರೆ, ಕೋಟು ಬಿಚ್ಚಿ ಮಡಚುವಾಗ ನಿನ್ನ ಮೇಲೆ ಇಲ್ಲದ ಸಿಟ್ಟು ಬಂತು. ತೋಳು ತಿರುವುಮುರುವಾಗಿಯೇ ಮಡಚಿ ಗಂಟು ಕಟ್ಟಿದೆ. ಮನೆಗೆ ಬಂದು ಮತ್ತೆ ಬಿಚ್ಚಿ ಇಸ್ತ್ರಿ ಮಾಡಿದೆ.

ನಮ್ಮ ಅಂಗಡಿಯ ಗುಮಾಸ್ತ ದಶರಥ ಸಂಕ್ರಾಂತಿಗೆ ಸೇಡಂಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಈ ಪತ್ರ ಮತ್ತು ಗಂಟು ಎರಡನ್ನೂ ಕಳಿಸುತ್ತಿದ್ದೇನೆ. ಬಂದಕೂಡಲೇ ಒಮ್ಮೆ ಉಟ್ಟು ನೋಡು. ನೆರಿಗೆ ಸಣ್ಣಗಿರಲಿ. ಚಪ್ಪಲಿಗೆ ಅತ್ತೆ ದಪ್ಪ ಅಟ್ಟೆ ಬಡಿಸುತ್ತೇನೆಂದರೆ ಕೇಳಬೇಡ. ರೂಢಿ ಇಲ್ಲದ್ದು ಹಾಕಿಕೊಂಡು ಅಲ್ಲಿ ಎಡವಿದರೆ ಎಲ್ಲ ಕೆಟ್ಟಿತು. ಎರಡು ಬೆರಳಿನ ಹಿಮ್ಮಡಿ ಸಾಕು. ಜಡೆ ಸುತ್ತಿ ಕಟ್ಟು, ಹೂ ಮುಡಿಯಬೇಡ. ಕೂರಲು ಕುರ್ಚಿ ಕೊಟ್ಟರೆ ಹಿಂದಕ್ಕೆ ಒರಗಬೇಡ. ಮುಂದಿನ ಅಂಚಿಗೆ ಕೂತು ಎರಡೂ ಪಾದ ನೆಲಕ್ಕೆ ಊರು. ಪಾದ ಊರಿದವರ ದನಿ ನಡುಗುವುದಿಲ್ಲ. ಮಶೀನಿನ ಮುಂದೆ ಕೂರಿಸಿದಾಗ ಕುರ್ಚಿ ತಗ್ಗಾಗಿದ್ದರೆ ಒಂದು ದಪ್ಪ ಪುಸ್ತಕವೋ ದಿಂಬೋ ಕೇಳಿ ಇಸಕೋ, ಅದರಲ್ಲಿ ನಾಚಿಕೆ ಏನೂ ಇಲ್ಲ. ತಲೆ ಎತ್ತಿ ನೋಡು. ಕೇಳಿದ್ದಕ್ಕೆ ನೀನೇ ಉತ್ತರ ಕೊಡು.

ಇಪ್ಪತ್ತೊಂದನೆಯ ತಾರೀಖು ಸೋಮವಾರ ನಿನ್ನ ರೈಲು ಚಿತ್ತಾಪುರ ದಾಟಿ ಹೋಗುವ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿರುತ್ತೇನೆ. ಕೈ ಹಿಟ್ಟಾಗಿದ್ದರೂ ಬಸವಣ್ಣನನ್ನು ನೆನೆದು ನಿನ್ನ ಹೆಸರು ಹೇಳುತ್ತೇನೆ. ಕೆಲಸ ನಿನಗೇ ಸಿಗಲಿ. ಇಷ್ಟು ಹೊಟ್ಟೆಕಿಚ್ಚು ಪಟ್ಟು ಹೊಲಿಸಿದ ಕೋಟು ತೊಟ್ಟ ಮೇಲೆ ಬೇರೆ ಯಾರಿಗೋ ಸಿಕ್ಕರೆ ನಾನು ಸಹಿಸುವುದಿಲ್ಲ. ಮೊದಲ ಪಗಾರದಲ್ಲಿ ಅವ್ವನಿಗೆ ಕನ್ನಡಕ ಮಾಡಿಸು. ಅಪ್ಪ, ಅವ್ವ, ಅತ್ತೆಗೆ ನನ್ನ ಶರಣು ತಿಳಿಸು.

ನಿನ್ನ ಒಳ್ಳೆಯದನ್ನು ಬಯಸುವ, ನಿನ್ನಷ್ಟೇ ಗಿಡ್ಡ ಅಕ್ಕ,
ಗುರುಲಿಂಗಮ್ಮ

ತಾ. ಕ.: ಇಷ್ಟು ಪುಟ ಬರೆದರೂ ಬರೆಯದೆ ಉಳಿಸಿಕೊಂಡಿದ್ದು ಒಂದಿತ್ತು. ಅದನ್ನೂ ಬರೆದುಬಿಡುತ್ತೇನೆ. ದಶರಥನ ಅಣ್ಣ ಆ ಕಾರ್ಖಾನೆಯಲ್ಲೇ ಇದ್ದಾನೆ. ಹೋದ ವಾರ ದಶರಥ ಸಹಜವಾಗಿ, "ಟೈಪಿಸ್ಟ್ ಜಾಗಾ ಎರಡು ಕರದಾರಂತ್ರಿ ಅಕ್ಕೋರೆ. ಒಂದು ನಿಮ್ಮ ತಂಗಿಯೋರಿಗಿ ಆಗ್ತದ, ಇನ್ನೊಂದಕ್ಕ ಯಾರ್ ಬರ್ತಾರೋ," ಎಂದ. ಎರಡು ಜಾಗ, ನೀಲಾ. ಜಾಹೀರಾತು ನೋಡಿ ಅರ್ಜಿ ಹಾಕಿದವಳು ನೀನು, ನಿನಗೆ ಗೊತ್ತಿಲ್ಲದೆ ಇಲ್ಲ. ಈಗ ಅರ್ಜಿಯ ದಿನವೂ ಮುಗಿದಿದೆ. ವಾಡಿ ನಿನಗಿಂತ ನನಗೇ ಹತ್ತಿರ. ನಮ್ಮ ಮನೆಯವರು ಬಿಡುತ್ತಿದ್ದರೋ ಇಲ್ಲವೋ ನನಗೆ ತಿಳಿಯದು. ಬೇಡವೆನ್ನುವುದಿದ್ದರೆ ಅವರೇ ಅನ್ನುತ್ತಿದ್ದರು. ನನಗೆ ಹೇಳದೆ, ಅವರ ಪರವಾಗಿ ನೀನೇಕೆ ಬೇಡವೆಂದುಬಿಟ್ಟೆ? ನೀನು ನನಗೆ ಬರೆದದ್ದು ಏನು ಉಟ್ಟುಕೊಳ್ಳಲಿ ಎಂದು ಕೇಳಲು ಮಾತ್ರ. ಇದಕ್ಕೆ ಉತ್ತರ ಬರೆ. ಅಕ್ಕ ಬಂದರೆ ನನ್ನ ಜಾಗ ಹೋಗುತ್ತದೆಂದು ಹೆದರಿ, ಬೇಕೆಂದೇ ಹೇಳಲಿಲ್ಲ ಎಂದು ಬರೆದರೂ ತಡೆದುಕೊಳ್ಳುತ್ತೇನೆ. ಅಕ್ಕಾ, ನಿನ್ನ ನೆನಪೇ ಆಗಲಿಲ್ಲ ಎಂದು ಮಾತ್ರ ಬರೆಯಬೇಡ.