ಗೋಡೆಯಿಂದ ಇಳಿದ ಥರ್ಮಾಮೀಟರ್

ಏಪ್ರಿಲ್ ೧೮, ಗುರುವಾರ

ಬಟ್ಟೆ ಕಾರ್ಖಾನೆಯ ದಿನದಿನದ ಶಾಖ ದಾಖಲಿಸುವ ಪುಸ್ತಕದಲ್ಲಿ ಎರಡು ಬೇಸಿಗೆ ಪೂರ್ತಿ ನಾನು ಕಣ್ಣು ಮುಚ್ಚಿಕೊಂಡು ‘ಇಪ್ಪತ್ತಾರು ಡಿಗ್ರಿ’ ಎಂದು ಬರೆದೆ. ಥರ್ಮಾಮೀಟರ್ ಇದ್ದದ್ದೇ ಮ್ಯಾನೇಜರ ಎಸಿ ಕೋಣೆಯಲ್ಲಿ. ಗೋಡೆಯಾಚೆ ಅಮ್ಮ ಇಸ್ತ್ರಿ ಮೇಜಿನ ಮುಂದೆ ಬೇಯುತ್ತಿದ್ದಳು.

ಇವತ್ತು ಅಮ್ಮನ ಪಕ್ಕದ ಮೇಜಿನವಳು ತಲೆ ಸುತ್ತಿ ಬಿದ್ದಳು. ಮ್ಯಾನೇಜರು ಪುಸ್ತಕ ತೋರಿಸಿ, “ಇಪ್ಪತ್ತಾರಕ್ಕೆ ಯಾರಮ್ಮ ಬೀಳ್ತಾರೆ? ಬರೀ ನಾಟಕ,” ಎಂದರು. ಅಮ್ಮ ನೆಟ್ಟಗೆ ಅವರ ಕೋಣೆಗೆ ಹೋಗಿ ಥರ್ಮಾಮೀಟರನ್ನು ಮೊಳೆಯಿಂದ ಬಿಡಿಸಿ ತಂದು, ತನ್ನ ಮೇಜಿನ ಪಕ್ಕದ ಕಂಬಕ್ಕೆ ನೇತುಹಾಕಿದಳು. ಇಸ್ತ್ರಿಯ ಹೆಂಗಸರೆಲ್ಲ ಸುತ್ತ ನಿಂತು ಕಾದರು. ನಲವತ್ತೆರಡು!

“ಈಗ ಬರಿಯೇ ಮಗಳೇ,” ಎಂದಳು.

ಮ್ಯಾನೇಜರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಅವರೆದುರೇ ‘ನಲವತ್ತೆರಡು ಡಿಗ್ರಿ’ ಎಂದು ಬರೆದೆ.

ಭೂಮಿ ಬಿಸಿಯಾಗುತ್ತಿದೆ ಎಂದು ಟೀವಿಯಲ್ಲಿ ದೊಡ್ಡವರು ಸಭೆ ಮೇಲೆ ಸಭೆ ಮಾಡುತ್ತಾರೆ. ಅವರ ಥರ್ಮಾಮೀಟರ್ ಯಾವ ಕೋಣೆಯಲ್ಲಿದೆಯೋ! ನಮ್ಮಮ್ಮನನ್ನು ಅಲ್ಲಿಗೊಮ್ಮೆ ಕಳಿಸಬೇಕು.

ನಾಳೆ ಇಬ್ಬರಿಗೂ ಕೆಲಸ ಇರುತ್ತದೋ ಇಲ್ಲವೋ. ಅಮ್ಮನಿಗೆ ಅದರ ಚಿಂತೆಯೇ ಇಲ್ಲ. ಊಟಕ್ಕೆ ಕೂತಾಗ, “ಅಕ್ಷರ ಯಾಕೆ ಅಷ್ಟು ಸೊಟ್ಟಗೆ ಬರೆದೆ?” ಎಂದು ಬೈದಳು. ಸೊಟ್ಟಗೇ ಇರಲಿ ಅಮ್ಮ. ಆ ಪುಸ್ತಕದಲ್ಲಿ ಇದು ನನ್ನ ಬರಹ ಎಂದು ಎದೆಯುಬ್ಬಿಸಿ ತೋರಿಸಬಹುದಾದ ಸಾಲು ಅದೊಂದೇ.